ಹುಳ ಅಕ್ಕನಿಗೆ, ಲೆಕ್ಕ ಫೋನಿಗೆ

ಚಪ್ಪಲಿ ಹೊರಗೇ ಬಿಡಿ. ಬಾಗಿಲ ಮುಂದೆ ಬ್ಲೀಚಿಂಗ್ ಪೌಡರಿನ ನೀರಲ್ಲಿ ನೆನೆಸಿದ ಗೋಣಿತಾಟು ಹಾಸಿದೆ. ಅದರ ಮೇಲೆ ಎರಡೂ ಪಾದ ಒತ್ತಿ, ಪಕ್ಕದ ಬಕೆಟ್ಟಿನಲ್ಲಿ ಕೈ ಅದ್ದಿ, ಆಮೇಲೆ ಒಳಗೆ ಬನ್ನಿ. ಮಳವಳ್ಳಿ ಪೇಟೆಯ ಬಸ್ಸು, ಆಟೋಗಳ ಗದ್ದಲ ಹಿಂದೆ ಉಳಿದು ಹಿಪ್ಪುನೇರಳೆ ತೋಟಗಳು ಶುರುವಾಗುವ ಕಡೆ ಇರುವ, ಎಳೇ ರೇಷ್ಮೆಹುಳ ಸಾಕುವ ಚಾಕಿ ಮನೆ ಇದು. ಒಳಗೆ ಕಾಲಿಟ್ಟ ಕೂಡಲೇ ಕನ್ನಡಕಕ್ಕೆ ಆವಿ ಕಟ್ಟುತ್ತದೆ. ಮೂಗಿಗೆ ಮೊದಲು ಬರುವುದು ಎಳೇ ಸೊಪ್ಪಿನ ಹಸಿ ವಾಸನೆ, ಅದರ ಬೆನ್ನಿಗೇ ಸುಣ್ಣದ ಘಾಟು. ಮೂಲೆಯಲ್ಲಿ ಸೊಪ್ಪು ಹೆಚ್ಚುವ ಯಂತ್ರ ಕರಕರ ಅನ್ನುತ್ತಿದೆ. ಇಬ್ಬರು ಹೆಂಗಸರು ಹೆಚ್ಚಿದ ಸೊಪ್ಪನ್ನು ಬೆರಳ ಸಂದಿಯಿಂದ ಟ್ರೇಗಳ ಮೇಲೆ ಉದುರಿಸುತ್ತ, ಒಂದರ ಮೇಲೊಂದು ಟ್ರೇ ಪೇರಿಸುತ್ತ ಹೋಗುತ್ತಿದ್ದಾರೆ. ಮಾತು ಕಡಿಮೆ, ಕೈ ಜಾಸ್ತಿ.

ಪಕ್ಕದ ಕೋಣೆಯಲ್ಲಿ ಇವತ್ತು ಮೊಟ್ಟೆ ಒಡೆಯುವ ದಿನ. ಬಿತ್ತನೆ ಕೋಠಿಯಿಂದ ಬಂದ ಮೊಟ್ಟೆಗಳನ್ನು ಕೆಲವು ದಿನ ಹದವಾದ ಬಿಸಿಯಲ್ಲಿ ಇಟ್ಟು, ಅವುಗಳ ಮೇಲೆ ಕಪ್ಪು ಚುಕ್ಕೆ ಕಾಣಿಸಿಕೊಂಡ ಮೇಲೆ ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲಲ್ಲಿ ಇಟ್ಟಿದ್ದರು. ಬೆಳಗಿನ ಜಾವ ಕಾಗದ ಬಿಚ್ಚಿ ಬೆಳಕು ತೋರಿಸಿದ್ದೇ ತಡ, ಪೆಟ್ಟಿಗೆಯ ತುಂಬ ಕಪ್ಪು ಕೂದಲ ಚೂರುಗಳಂಥ ಮರಿಗಳು ಮಿಸುಕಾಡುತ್ತಿವೆ. ಕತ್ತಲಲ್ಲಿ ಇಡುವುದು ಇದಕ್ಕೇ, ಎಲ್ಲವೂ ಒಂದೇ ಹೊತ್ತಿಗೆ ಹೊರಬರಲಿ ಅಂತ. ಒಂದು ದಿನ ಹಿಂದುಮುಂದಾದ ಹುಳಗಳು ಒಂದೇ ಟ್ರೇಗೆ ಸೇರಿದರೆ ಕೆಲವು ಸೊಪ್ಪು ಮೇಯುತ್ತಿರುವಾಗ ಉಳಿದವು ಜ್ವರಕ್ಕೆ ಕೂತಿರುತ್ತವೆ. ಪೊರೆ ಬಿಡುವುದಕ್ಕೆ ಈ ಕಡೆಯ ರೈತರು ಹೇಳುವುದು ಹಾಗೆಯೇ. ಹುಳಕ್ಕೆ ನಾಲ್ಕು ಜ್ವರ. ಮೊದಲ ಎರಡರವರೆಗೆ ಸಾಕುವ ಜವಾಬ್ದಾರಿ ಚಾಕಿ ಮನೆಯದು, ಅಲ್ಲಿಂದಾಚೆ ರೈತನದು.

ಗೋಡೆಯ ಮೇಲೆ ಪುಟ್ಟ ಪರದೆಯೊಂದು 27 ಡಿಗ್ರಿ, ತೇವ ಶೇ 86 ಎಂದು ತೋರಿಸುತ್ತಿದೆ. ಚಾಕಿ ಹುಳಕ್ಕೆ 27ರಿಂದ 28 ಡಿಗ್ರಿ ಸೆಲ್ಸಿಯಸ್, ತೇವ ಶೇ 85ರಿಂದ 90 ಇರಬೇಕು. ತೇವ ಅದಕ್ಕಿಂತ ಇಳಿದರೆ ನೀರಿನ ಮಂಜು ಉಗುಳುವ ಯಂತ್ರ ತಾನೇ ಹತ್ತಿಕೊಳ್ಳುತ್ತದೆ, ಸರಿಹೋದ ಮೇಲೆ ತಾನೇ ಆರುತ್ತದೆ. ಇದರಲ್ಲಿ ಬುದ್ಧಿವಂತಿಕೆಯೇನೂ ಇಲ್ಲ, ಸ್ವಿಚ್ಚಿಗೆ ಒಂದು ಕಟ್ಟಳೆ ಹೇಳಿಟ್ಟಿದೆ ಅಷ್ಟೆ. ಮೊದಲು ಇದೇ ಕೆಲಸಕ್ಕೆ ಈ ಚಾಕಿ ಮನೆ ನಡೆಸುವ ಅಕ್ಕ ಒದ್ದೆ ಗೋಣಿಚೀಲ ನೇತುಹಾಕಿ, ರಾತ್ರಿ ಎರಡು ಸಲ ಎದ್ದು ನೀರು ಚಿಮುಕಿಸುತ್ತಿದ್ದರು.

ಇಂಥ ಯಂತ್ರ ನಡೆಸುವ ಕರೆಂಟು ಈ ಕಡೆಗೆ ಹೊಸದಲ್ಲ. ಇದೇ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ಕಾವೇರಿಯಿಂದ ಕರೆಂಟು ಹುಟ್ಟಿತು. ಹುಟ್ಟಿದ ಕರೆಂಟು ತಂತಿ ಹಿಡಿದು ಕೋಲಾರದ ಚಿನ್ನದ ಗಣಿಗೆ ಹೋಯಿತು. ಊರ ತಲೆಯ ಮೇಲೆ ಹಾದುಹೋದ ದೊಡ್ಡ ಯಂತ್ರವಿದ್ಯೆ ಊರೊಳಗಿನ ಮನೆಗಳಿಗೆ ಇಳಿಯಲು ಬಹಳ ಕಾಲ ಹಿಡಿಯಿತು. ಕೃತಕ ಬುದ್ಧಿಮತ್ತೆ ಅಷ್ಟು ಹೊತ್ತು ಮಾಡಲಿಲ್ಲ. ಚಾಟ್‌ಜಿಪಿಟಿ ಜಗತ್ತಿಗೆ ಬಂದದ್ದು 2022ರ ನವೆಂಬರಿನಲ್ಲಿ. ಗೂಗಲ್‌ನ ಜೆಮಿನಿ ಆ್ಯಪ್ 2024ರ ಜೂನ್‌ನಲ್ಲಿ ಕನ್ನಡಕ್ಕೂ ಬಂತು. ಈ ಚಾಕಿ ಮನೆಯಲ್ಲಿ ಕೃತಕ ಬುದ್ಧಿಮತ್ತೆ ಬಂದಿಳಿದಿರುವುದು ಸುಣ್ಣದ ಡಬ್ಬಿಯ ಪಕ್ಕ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಫೋನಿನೊಳಗೆ.

ಆ ಫೋನಿನ ಪಕ್ಕದಲ್ಲೇ ಉದ್ದನೆಯ ನೋಟ್‌ಬುಕ್ ಒಂದಿದೆ. ಅಂಚು ಸೊಪ್ಪಿನ ರಸಕ್ಕೆ ಹಸಿರಾಗಿದೆ. ಹಲಗೂರು, ಕಿರುಗಾವಲು, ಬೆಳಕವಾಡಿ, ಪೂರಿಗಾಲಿ ಕಡೆಯ ರೈತರು ಯಾವತ್ತು ಎಷ್ಟು ಮೊಟ್ಟೆ ಹುಳ ಕೇಳಿದ್ದಾರೆ, ಮುಂಗಡ ಎಷ್ಟು, ಬಾಕಿ ಎಷ್ಟು, ಎಲ್ಲ ಅದರಲ್ಲೇ. ಒಂದು ಮೊಟ್ಟೆ ಅಂದರೆ ಒಂದು ಚಿಟ್ಟೆ ಇಟ್ಟ ಅಷ್ಟೂ ಮೊಟ್ಟೆ, ನಾನೂರು ಐನೂರು. ನೂರು ಮೊಟ್ಟೆ ಬೇಕೆಂದರೆ ನಲವತ್ತು ಐವತ್ತು ಸಾವಿರ ಹುಳ. ಅಷ್ಟು ಹುಳ ಬರುವ ಹೊತ್ತಿಗೆ ರೈತನ ಸಾಕಣೆ ಮನೆ ತೊಳೆದು, ಔಷಧಿ ಹೊಡೆದು, ನಾಲ್ಕೈದು ದಿನ ಮುಂಚೆಯೇ ಸಿದ್ಧವಾಗಿರಬೇಕು. ತೋಟದಲ್ಲಿ ಸೊಪ್ಪು ಹದಕ್ಕೆ ಬಂದಿರಬೇಕು. ಹಾಗಾಗಿ ಈ ಕಸುಬಿನಲ್ಲಿ ಹುಳಕ್ಕೆ ಎಷ್ಟು ಬೆಲೆಯೋ ತಾರೀಖಿಗೂ ಅಷ್ಟೇ ಬೆಲೆ. ಆ ತಾರೀಖು ಕೇಳುವ ಫೋನು ಮಾತ್ರ ಸೊಪ್ಪು ಹಾಕುವ ಹೊತ್ತಿಗೇ ಬರುತ್ತಿತ್ತು. ಒದ್ದೆ ಕೈ ಒರೆಸಿಕೊಂಡು, ಪುಟ ತಿರುವಿ, ಹೇಳಿ, ಮತ್ತೆ ಕೈ ತೊಳೆದು ಬರಬೇಕು. ಹೊರಗಿನ ವಸ್ತು ಮುಟ್ಟಿದ ಕೈ ಹುಳದ ಹತ್ತಿರ ಹೋಗಬಾರದು.

ಅಕ್ಕನ ಕಾಲೇಜು ಓದುವ ಮಗ ಶುರು ಮಾಡಿದ್ದು ಇಲ್ಲಿಂದ. ಹುಳದ ರೋಗ ಹೇಳುವ ಆ್ಯಪು, ಕ್ಯಾಮೆರಾ ಎಂದು ದೊಡ್ಡದಕ್ಕೆ ಕೈ ಹಾಕಲಿಲ್ಲ. ವಾರದಲ್ಲಿ ಅಮ್ಮ ಅತಿ ಹೆಚ್ಚು ಸಲ ಹೇಳಿದ್ದನ್ನೇ ಹೇಳುವ ಕೆಲಸ ಯಾವುದು ಎಂದು ಒಂದು ಹಾಳೆಯಲ್ಲಿ ಗೀಟು ಹಾಕುತ್ತ ಕೂತ. ಹೆಚ್ಚು ಗೀಟು ಬಿದ್ದದ್ದು ‘ಹುಳ ಯಾವತ್ತು ಕೊಡ್ತೀರಾ’ ಅನ್ನುವುದಕ್ಕೆ. ನೋಟ್‌ಬುಕ್ಕಿನ ಪುಟಗಳ ಫೋಟೊ ತೆಗೆದು, ಫೋನ್ ನಂಬರಿನ ಸಾಲು ಮುಚ್ಚಿ, ಅದನ್ನು ಪಟ್ಟಿ ಮಾಡಿಕೊಡು ಎಂದು ಕೃತಕ ಬುದ್ಧಿಮತ್ತೆಗೆ ಕೊಟ್ಟ. ಬಹುಪಾಲು ಸರಿಯಾಗಿಯೇ ಓದಿತು. ಒಂದು ಕಡೆ 1ನ್ನು 7 ಎಂದು ಓದಿ, ನೂರೈವತ್ತು ಮೊಟ್ಟೆಯವರನ್ನು ಏಳುನೂರೈವತ್ತಕ್ಕೆ ಏರಿಸಿತ್ತು. ಒಂದೇ ಹೆಸರಿನ ನಾಲ್ವರಲ್ಲಿ ಇಬ್ಬರನ್ನು ಒಂದು ಮಾಡಿತ್ತು. ಅಕ್ಕ ಕಣ್ಣಾಡಿಸಿದ್ದೇ ನಕ್ಕುಬಿಟ್ಟರು: “ಅವಯ್ಯನ ತೋಟ ಇರಾದೇ ಒಂದೆಕ್ರೆ, ಏಳ್ನೂರೈವತ್ತು ಎಲ್ಲಿ ಮೇಯಿಸ್ತಾನ್ಲಾ?” ಅವತ್ತಿನಿಂದ ಯಂತ್ರ ಮಾಡಿದ ಪಟ್ಟಿ ಅಕ್ಕನ ಕಣ್ಣು ದಾಟದೆ ಮುಂದೆ ಹೋಗುವುದಿಲ್ಲ.

ತಾರೀಖಿನ ಲೆಕ್ಕವನ್ನು ಮಾತ್ರ ಅವನು ಕೃತಕ ಬುದ್ಧಿಮತ್ತೆಗೆ ಬಿಡಲಿಲ್ಲ. ಮೊಟ್ಟೆ ಒಡೆದ ದಿನಕ್ಕೆ ಇಷ್ಟು ಕೂಡಿಸಿದರೆ ಎರಡನೇ ಜ್ವರ, ಅದರಿಂದ ಐದು ಕಳೆದರೆ ಮನೆ ತೊಳೆಯುವ ದಿನ. ಇದು ಕೂಡುವ ಕಳೆಯುವ ಕೆಲಸ, ಇದರಲ್ಲಿ ಊಹೆಗೆ ಜಾಗವಿಲ್ಲ. ಅದಕ್ಕೆ ಫೋನಿನಲ್ಲೇ ಪುಕ್ಕಟೆ ಸಿಗುವ ಲೆಕ್ಕದ ಶೀಟು ಸಾಕು. ಆ ಶೀಟಿಗೆ ಬೇಕಾದ ಸೂತ್ರವನ್ನು ಬರೆಸಿಕೊಂಡದ್ದು ಕೃತಕ ಬುದ್ಧಿಮತ್ತೆಯಿಂದ. ಹಳೆಯ ಬ್ಯಾಚುಗಳ ತಾರೀಖು ಹಾಕಿ ತಾಳೆ ನೋಡಿದ ಮೇಲೆಯೇ ನಂಬಿದ್ದು. ಚಳಿಗಾಲದಲ್ಲಿ ಜ್ವರ ತಡವಾದರೆ ಅಕ್ಕ ಒಂದು ದಿನ ಮುಂದಕ್ಕೆ ತಳ್ಳುತ್ತಾರೆ. ಆ ಒಂದು ದಿನ ಯಾವಾಗ ತಳ್ಳಬೇಕು ಅನ್ನುವುದು ಶೀಟಿನಲ್ಲಿಲ್ಲ.

ಸಂದೇಶಗಳದ್ದು ಇನ್ನೊಂದು ಪಾಠ. ಸಣ್ಣ ಅಂಗಡಿಗಳಿಗೆಂದೇ 2018ರಲ್ಲಿ ಬಂದ ವಾಟ್ಸ್‌ಆ್ಯಪ್ ಬಿಸಿನೆಸ್‌ನಲ್ಲಿ, ಪದೇಪದೇ ಕೇಳುವ ಪ್ರಶ್ನೆಗೆ ಉತ್ತರ ಮೊದಲೇ ಬರೆದಿಡಬಹುದು, ಗಿರಾಕಿಗಳನ್ನು ಬ್ಯಾಚಿನ ಪ್ರಕಾರ ವಿಂಗಡಿಸಿ ಗುರುತು ಹಾಕಬಹುದು. ಕೃತಕ ಬುದ್ಧಿಮತ್ತೆ ಮೊದಲು ಬರೆದುಕೊಟ್ಟ ಉತ್ತರ ‘ತಮ್ಮ ಬೇಡಿಕೆಯನ್ನು ದೃಢೀಕರಿಸಲಾಗಿದೆ’ ಎಂದಿತ್ತು. ಅಕ್ಕನ ಹಳೆಯ ಮೆಸೇಜುಗಳನ್ನು ತೋರಿಸಿ, ಹೀಗೆ ಬರಿ ಎಂದ ಮೇಲೆ ದಾರಿಗೆ ಬಂತು. ಕನ್ನಡ ಮಾತು ಯಂತ್ರಕ್ಕೆ ಗೊತ್ತಾಗಬೇಕಾದರೆ ಕನ್ನಡ ಮಾತಾಡುವವರು ಅದಕ್ಕೆ ಕಲಿಸಿರಬೇಕು. ಬೆಂಗಳೂರಿನ ‘ಕಾರ್ಯ’ ಎಂಬ ಸಂಸ್ಥೆಗಾಗಿ ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಫೋನಿನಲ್ಲಿ ಕನ್ನಡ ವಾಕ್ಯ ಓದಿ, ಧ್ವನಿ ಮುದ್ರಿಸಿ, ಅದಕ್ಕೆ ಕೂಲಿ ಪಡೆದಿದ್ದಾರೆ.

ಅಷ್ಟರಲ್ಲಿ ಹೊರಗೆ ಆಟೋ ನಿಂತ ಸದ್ದು. ಬಿಸಿಲೇರುವ ಮುಂಚೆ ಹುಳ ಒಯ್ಯಲು ಬಂದ ರೈತ ಬಾಗಿಲಲ್ಲೇ ನಿಂತು ಕೇಳುತ್ತಾನೆ:

“ಅಕ್ಕೋ, ಜ್ವರಕ್ಕೆ ಕೂತವಾ?”

“ಎಲ್ಲಾ ಕೂತವೆ ಕಣಣ್ಣ. ಮನೆ ತೊಳ್ದು ಔಷ್ದಿ ಒಡ್ದಿದ್ದೀಯಾ?”

“ಒಡ್ದಿವ್ನಿ ಬುಡು, ಅವತ್ತೇ ಮೆಸೇಜ್ ಆಕಿದ್ದಲ್ಲ.”

ಆ ಮೆಸೇಜನ್ನು ಬರೆದಿಟ್ಟದ್ದು ಯಂತ್ರ, ಓದಿ ಕಳಿಸಿದ್ದು ಅಕ್ಕ. ಜ್ವರಕ್ಕೆ ಕೂತ ಹುಳ ಮೇಯುವುದಿಲ್ಲ, ಅಲುಗಾಡುವುದಿಲ್ಲ; ಸಾಗಿಸಲು ಅದೇ ಸರಿಯಾದ ಹೊತ್ತು. ಆದರೂ ಟ್ರೇ ಕೊಡುವ ಮುಂಚೆ ಅಕ್ಕ ಬಗ್ಗಿ, ಹಾಸಿಗೆಯ ವಾಸನೆ ನೋಡಿ, ಮೈ ಊದಿದ ಹುಳ ಇದೆಯೇ ಎಂದು ಹುಡುಕುತ್ತಾರೆ. ಹಾಲುತೊಂಡೆ, ಸಪ್ಪೆರೋಗ, ಸುಣ್ಣಕಟ್ಟು, ಗಂಟುರೋಗ, ಯಾವುದರ ಸುಳಿವು ಸಿಕ್ಕರೂ ಆ ಟ್ರೇ ಬಾಗಿಲು ದಾಟುವುದಿಲ್ಲ. ಈ ಕೆಲಸವನ್ನು ಫೋಟೊಗೆ ಒಪ್ಪಿಸುವ ಯೋಚನೆ ಮನೆಯಲ್ಲಿ ಯಾರಿಗೂ ಇಲ್ಲ. ಸಾಲ ಯಾರಿಗೆ ಬಿಡಬೇಕು, ಯಾರನ್ನು ಒತ್ತಾಯಿಸಬಾರದು ಅನ್ನುವುದೂ ಹಾಗೆಯೇ ಅಕ್ಕನ ಹತ್ತಿರವೇ ಉಳಿದಿದೆ.

ಮಗನ ಮುಂದಿನ ಆಸೆ ಗೂಡಿನ ಲೆಕ್ಕ. ಯಾವ ಬ್ಯಾಚಿನ ಹುಳ ಯಾರ ಮನೆಯಲ್ಲಿ ಎಷ್ಟು ಕೆಜಿ ಗೂಡು ಕಟ್ಟಿತು ಎಂದು ಬರೆದಿಟ್ಟರೆ, ಎಲ್ಲಿ ಎಡವುತ್ತಿದ್ದೇವೆ ಅಂತ ನಾಲ್ಕು ಬೆಳೆ ಕಳೆದ ಮೇಲೆ ಕೃತಕ ಬುದ್ಧಿಮತ್ತೆಯನ್ನೇ ಕೇಳಬಹುದು. ದ್ವಿತಳಿ ಹುಳದಲ್ಲಿ ನೂರು ಮೊಟ್ಟೆಗೆ 60–70 ಕೆಜಿ ಬಂದರೆ ಒಳ್ಳೆಯ ಬೆಳೆ. ಅಕ್ಕ ಬೇಡ ಅನ್ನಲಿಲ್ಲ, ಸೊಪ್ಪು ಉದುರಿಸುತ್ತಲೇ ಅಂದರು: “ಬರ್ಕೊ. ಆದ್ರೆ ಬೆಳೆ ಆದ್ರೆ ನನ್ನ ಕೈಗುಣ ಅಂತಾರೆ, ಕೆಟ್ಟೋದ್ರೆ ಚಾಕಿ ಸರಿ ಇರ್ನಿಲ್ಲ ಅಂತಾರೆ. ನಿನ್ನ ಮಿಷಿನ್ನಿಗೆ ಅದನ್ನ ಮೊದ್ಲೇ ಯೋಳ್ಬುಡು.”