ಹತ್ತು ರಾಗಕ್ಕೆ ಡಿಸ್ಕೋ ತಾಳ!

ಮೊನ್ನೆ ಬೆಳಿಗ್ಗೆ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಮಗನ ಮೊಬೈಲಿನಿಂದ ಢಕ್ ಢಕ್ ಅಂತ ಡಿಸ್ಕೋ ಸದ್ದು. "ಲೋ, ನಿಲ್ಸೋ ಅದನ್ನ" ಅನ್ನುವಷ್ಟರಲ್ಲಿ ಆ ತಾಳದ ಮೇಲೆ ಒಂದು ರಾಗ ಎದ್ದಿತು. ಅರೆ, ನಮ್ಮ ಮೋಹನ! ಸೌಟು ಹಿಡಿದುಕೊಂಡೇ ನಿಂತುಬಿಟ್ಟೆ.

"ಇದು ಭೂಪಾಲಿ ಅಮ್ಮ. 1982ರದ್ದು. ನೀನಾಗ ಅಂಬೆಗಾಲಿಡ್ತಿದ್ದೆ" ಎಂದು ನಕ್ಕ. ಹಿಂದೂಸ್ತಾನಿಯ ಭೂಪಾಲಿಗೂ ನಮ್ಮ ಮೋಹನಕ್ಕೂ ಸ್ವರಗಳು ಒಂದೇ ತಾನೆ? ಅವನಿಂದ ತಿಳಿದ ಕಥೆಯನ್ನು ನಿಮಗೂ ಹೇಳದಿದ್ದರೆ ಸಮಾಧಾನವಿಲ್ಲ.

ಇದನ್ನು ನುಡಿಸಿದವರು ಮುಂಬಯಿಯ ಚರಣ್‌ಜಿತ್ ಸಿಂಗ್. ಶಂಕರ್-ಜೈಕಿಶನ್, ಆರ್.ಡಿ. ಬರ್ಮನ್ ಮುಂತಾದವರ ವಾದ್ಯವೃಂದದಲ್ಲಿ ಗಿಟಾರ್, ಕೀಬೋರ್ಡ್ ನುಡಿಸುತ್ತಿದ್ದವರು. ಹಿಂದಿ ಸಿನಿಮಾಕ್ಕೆ ಡಿಸ್ಕೋ ಹುಚ್ಚು ಹಿಡಿದಿದ್ದ ಕಾಲವದು. ಡಿಸ್ಕೋ ತಾಳಕ್ಕೆ ರಾಗವನ್ನೇ ಕೂರಿಸಿದರೆ ಹೇಗೆ ಅಂತ ಇವರಿಗೆ ಹೊಳೆಯಿತು.

ಅವರ ಬಳಿ ಜಪಾನಿನ ರೋಲ್ಯಾಂಡ್ ಕಂಪನಿಯ ಮೂರು ಯಂತ್ರಗಳಿದ್ದವು. ರಾಗ ನುಡಿಸಲು ಜುಪಿಟರ್-8 ಎಂಬ ಸಿಂಥಸೈಜರ್, ತಾಳಕ್ಕೆ ಟಿಆರ್-808, ಕೆಳಸ್ವರಕ್ಕೆ ಟಿಬಿ-303. ಈ 303 ಪುಟ್ಟ ಪೆಟ್ಟಿಗೆ. ಸ್ವರಗಳನ್ನು ಒಂದೊಂದಾಗಿ ಮೊದಲೇ ತುಂಬಿಟ್ಟರೆ ತಾನೇ ತಿರುತಿರುಗಿ ನುಡಿಸುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಸುವ ಅನುಕೂಲವೂ ಅದರಲ್ಲಿತ್ತು. ನಮ್ಮ ಸಂಗೀತಕ್ಕೆ ಆ 'ಜಾರು' ಎಷ್ಟು ಮುಖ್ಯ ಅಂತ ಹಾಡುವವರಿಗೆ ಗೊತ್ತು.

ಭೈರವಿ, ಲಲಿತ್, ಯಮನ್, ಮಾಲ್ಕೌಂಸ್... ಹೀಗೆ ಹತ್ತು ರಾಗಗಳು, ಒಂದೊಂದೂ ಸುಮಾರು ಐದು ನಿಮಿಷ. ಎಚ್.ಎಂ.ವಿ. ಮೂಲಕ ರೆಕಾರ್ಡು ಹೊರಬಂತು. ಆದರೆ ಕೊಳ್ಳುವವರೇ ಇಲ್ಲ! ಅತ್ತ 303 ಯಂತ್ರವೂ ಮಾರಾಟವಾಗದೆ 1984ರ ಹೊತ್ತಿಗೆ ತಯಾರಿಕೆಯೇ ನಿಂತಿತು.

ಆ ಬೇಡವಾದ ಪೆಟ್ಟಿಗೆಗಳಲ್ಲೊಂದು ಅಮೆರಿಕದ ಷಿಕಾಗೋದ ಹುಡುಗರ ಕೈ ಸೇರಿತು. 1987ರಲ್ಲಿ ಅವರು ಹೊರತಂದ 'ಆ್ಯಸಿಡ್ ಟ್ರ್ಯಾಕ್ಸ್'ನಿಂದ 'ಆ್ಯಸಿಡ್ ಹೌಸ್' ಎಂಬ ಹೊಸ ಕುಣಿತದ ಸಂಗೀತವೇ ಹುಟ್ಟಿತು.

2002ರಲ್ಲಿ ಎಡೋ ಬೌಮನ್ ಎಂಬ ಡಚ್ ಸಂಗ್ರಾಹಕರಿಗೆ ದೆಹಲಿಯಲ್ಲಿ ಸಿಂಗ್ ಅವರ ಹಳೆಯ ರೆಕಾರ್ಡು ಸಿಕ್ಕಿತು. ಕೇಳಿ ಬೆರಗಾದರು. ಷಿಕಾಗೋದ್ದರ ಹಾಗೆಯೇ ಇದೆ, ಆದರೆ ಐದು ವರ್ಷ ಮೊದಲಿನದು! 2010ರಲ್ಲಿ ಮತ್ತೆ ಅಚ್ಚು ಹಾಕಿಸಿದರು. ಷಿಕಾಗೋದವರು ಇವರನ್ನು ಕೇಳಿ ಕಲಿತರು ಅನ್ನಲು ಆಧಾರವಿಲ್ಲ. ಜನ ಬೇಡವೆಂದ ಒಂದೇ ಪೆಟ್ಟಿಗೆಯಲ್ಲಿ ಇಬ್ಬರು ಬೇರೆಬೇರೆಯಾಗಿ ಹೊಸದನ್ನು ಕಂಡರು, ಅಷ್ಟೆ.

ಎಪ್ಪತ್ತು ದಾಟಿದ ಮೇಲೆ ಸಿಂಗ್ ಯುರೋಪಿನ ವೇದಿಕೆಗಳಲ್ಲಿ ಅದೇ ರಾಗಗಳನ್ನು ನುಡಿಸಿದರು. 2015ರಲ್ಲಿ ತೀರಿಕೊಂಡರು. ಮೆಚ್ಚುಗೆ ತಡವಾಗಿ ಬಂತು, ಆದರೂ ಅವರ ಕಿವಿಗೆ ಬಿತ್ತಲ್ಲ, ಅದೇ ಸಂತೋಷ.

ನೀವೂ ಮಕ್ಕಳ ಹತ್ತಿರ ಹಾಕಿಸಿಕೊಂಡು ಕೇಳಿ. ಮಾಲ್ಕೌಂಸ್‌ನಲ್ಲಿ ನಮ್ಮ ಹಿಂದೋಳ ಸಿಗುತ್ತದೆ. ಯಮನ್‌ನಲ್ಲಿ ಹೆಚ್ಚುಕಡಿಮೆ ಕಲ್ಯಾಣಿ. ನಮ್ಮತ್ತೆಯವರಿಗೂ ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿ, "ಗಲಾಟೆ ಜಾಸ್ತಿ ಕಣೇ. ಆದ್ರೆ ರಾಗ ಕೆಟ್ಟಿಲ್ಲ" ಅಂದರು.