ಎಚ್ಚರ ತಪ್ಪಿಸುವ ಡಾಕ್ಟರ್ ಯಾರು?

ಆಪರೇಷನ್ ಎಂದ ಕೂಡಲೇ ಮನೆಯವರು ಕೇಳುವುದು 'ಕೊಯ್ಯುವ ಡಾಕ್ಟರ್ ಯಾರು?' ಎಂದು. ಗದಗಿನ ದೊಡ್ಡ ದವಾಖಾನೆಯ ಚೀಟಿ ಹಿಡಿದು ಕಳಸಾಪುರದಲ್ಲಿ ನನ್ನ ಬಳಿ ಬರುವವರದ್ದೂ ಅದೇ ಮಾತು. ಎಚ್ಚರ ತಪ್ಪಿಸುವವರು, ಅಂದರೆ ಅರಿವಳಿಕೆ ತಜ್ಞರು, ಯಾರೆಂದು ಕೇಳುವವರು ಕಡಿಮೆ. ಸೂಜಿ ಚುಚ್ಚಿದರೆ ಅವರ ಕೆಲಸ ಮುಗಿಯಿತು ಎಂದು ಹಲವರ ಎಣಿಕೆ. ಹಾಗಲ್ಲ. ಆಪರೇಷನ್ ಮುಗಿದು ನೀವು ಎಚ್ಚರಗೊಳ್ಳುವವರೆಗೂ ನಿಮ್ಮ ಉಸಿರು, ನಾಡಿ, ರಕ್ತದೊತ್ತಡ ನೋಡಿಕೊಳ್ಳುವವರು ಅವರೇ. ಇದಕ್ಕೆಂದೇ ಒಬ್ಬ ವೈದ್ಯ ಬೇಕೆಂಬುದು ತಿಳಿಯುವ ಮೊದಲು ಅನೇಕ ಜೀವಗಳು ಹೋದವು.

ನೋವು ಮರಗಟ್ಟಿಸುವ ಔಷಧಿಗಳಿಗೆ ಯುನಾನಿಯಲ್ಲಿ ಮುಖದ್ದಿರಾತ್ ಎಂಬ ಹೆಸರಿದೆ. ಇಬ್ನ್ ಸೀನಾ ಅಫೀಮಿನ ಬಗ್ಗೆ ಬರೆದಿದ್ದಾರೆ. ಆದರೆ ಅಳತೆ ತಪ್ಪಿದರೆ ಅಫೀಮು ಉಸಿರನ್ನೇ ನಿಲ್ಲಿಸುತ್ತದೆ. 1846ರ ಅಕ್ಟೋಬರ್ 16ರಂದು ಬಾಸ್ಟನ್ನಿನಲ್ಲಿ ಮಾರ್ಟನ್ ಎಂಬ ದಂತವೈದ್ಯರು ಈಥರ್ ಆವಿ ಕೊಟ್ಟು, ರೋಗಿಗೆ ನೋವಿಲ್ಲದೆ ಆಪರೇಷನ್ ಆಗುವುದನ್ನು ಎಲ್ಲರೆದುರು ತೋರಿಸಿದರು. 1847ರಲ್ಲಿ ಅದು ಕಲ್ಕತ್ತೆಗೂ ಬಂತು. ಅದೇ ವರ್ಷ ಕ್ಲೋರೋಫಾರ್ಮ್ ಬಳಕೆ ಶುರುವಾಯಿತು. ಮರುವರ್ಷ ಜನವರಿಯಲ್ಲೇ ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ 15 ವರ್ಷದ ಹುಡುಗಿ ಕಾಲುಗುರು ತೆಗೆಸಲು ಕ್ಲೋರೋಫಾರ್ಮ್ ಪಡೆದು ತೀರಿಕೊಂಡಳು.

ಕ್ಲೋರೋಫಾರ್ಮ್ ಮೊದಲು ನಿಲ್ಲಿಸುವುದು ಉಸಿರನ್ನೋ, ಹೃದಯವನ್ನೋ? ಈ ಜಗಳದ ಇತ್ಯರ್ಥಕ್ಕೆ ಲೋಕವೆಲ್ಲ ನೋಡಿದ್ದು ಹೈದರಾಬಾದಿನತ್ತ. ನಮ್ಮ ನೆರೆಯ ಕೊಪ್ಪಳವೂ ಆಗ ನಿಜಾಮರ ಸೀಮೆಯಲ್ಲಿತ್ತು. ಡಾ. ಎಡ್ವರ್ಡ್ ಲಾರಿ 1888 ಮತ್ತು 1889ರಲ್ಲಿ ಎರಡು ಆಯೋಗ ನಡೆಸಿ ನೂರಾರು ನಾಯಿಗಳ ಮೇಲೆ ಪರೀಕ್ಷೆ ಮಾಡಿಸಿದರು. ಎರಡನೆಯದಕ್ಕೆ ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆಯ ಪ್ರತಿನಿಧಿಯನ್ನು ಕರೆಸಲು ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ 1,000 ಪೌಂಡ್ ಕೊಟ್ಟರು. ಉಸಿರನ್ನಷ್ಟೇ ಗಮನಿಸಿ, ನಾಡಿಯ ಚಿಂತೆ ಬೇಡ ಎಂಬುದು ಲಾರಿ ಅವರ ತೀರ್ಮಾನ. ಅದರಲ್ಲಿ ಅರ್ಧ ತಪ್ಪಿತ್ತು. ಕ್ಲೋರೋಫಾರ್ಮ್ ನೇರವಾಗಿ ಹೃದಯವನ್ನೂ ನಿಲ್ಲಿಸಬಲ್ಲದೆಂದು 1911ರಲ್ಲಿ ಲೆವಿ ಎಂಬುವರು ತೋರಿಸಿದರು. ಆದರೂ ರೋಗಿಯ ಉಸಿರಿನ ಮೇಲಿಂದ ಕಣ್ಣು ತೆಗೆಯಬಾರದೆಂಬ ಪಾಠ ಉಳಿಯಿತು.

ಲಾರಿ ಅವರ ಶಿಷ್ಯೆ ರೂಪಾಬಾಯಿ ಫರ್ದೂನ್‌ಜಿ ಎಂಬ ಪಾರ್ಸಿ ಮಹಿಳೆ. 1889ರಲ್ಲಿ ಹೈದರಾಬಾದ್ ಮೆಡಿಕಲ್ ಸ್ಕೂಲಿನಿಂದ ಅವರಿಗೆ ಸಿಕ್ಕಿದ ಪದವಿಯ ಹೆಸರು 'ಹಕೀಮ್'! ಅಲ್ಲಿನ ಆಸ್ಪತ್ರೆಗಳಲ್ಲಿ ವರ್ಷಗಟ್ಟಲೆ ಕ್ಲೋರೋಫಾರ್ಮ್ ಕೊಟ್ಟ ಅವರನ್ನು ಜಗತ್ತಿನ ಮೊದಲ ಅರಿವಳಿಕೆ ವೈದ್ಯೆ ಎಂದು ಹಲವರು ಗುರುತಿಸುತ್ತಾರೆ. ನಮ್ಮ ಹೆಣ್ಣುಮಕ್ಕಳಿಗೆ ಈ ಹೆಸರು ತಿಳಿದಿರಲಿ.

ಅರಿವಳಿಕೆ ವೈದ್ಯರ ಮೊದಲ ಸಂಘ ಲಂಡನ್ನಿನಲ್ಲಿ 1893ರಲ್ಲಿ ಹುಟ್ಟಿತು. ನಮ್ಮ ದೇಶದ್ದು 1947ರಲ್ಲಿ. ಈಗ ಎಂಬಿಬಿಎಸ್ ಮುಗಿಸಿದ ಮೇಲೆ ಮತ್ತೆ ಮೂರು ವರ್ಷ ಓದಿದರೆ ಇದರಲ್ಲಿ ಎಂಡಿ.

ಆಪರೇಷನ್‌ಗೆ ಮುಂಚೆ ಈ ವೈದ್ಯರು ಬಂದು ಕೇಳುವ ಪ್ರಶ್ನೆಗಳನ್ನು ಹಾರಿಕೆಯ ಮಾತಿನಲ್ಲಿ ಮುಗಿಸಬೇಡಿ. ಬೀಡಿ, ಗುಟ್ಕಾ, ಸಕ್ಕರೆ ಕಾಯಿಲೆ, ದಮ್ಮು, ಅಲುಗಾಡುವ ಹಲ್ಲು ಎಲ್ಲವನ್ನೂ ಹೇಳಿ. ನನ್ನಂಥವರು ಕೊಟ್ಟ ಮಾಜೂನ್, ಚೂರ್ಣಗಳನ್ನೂ ತೋರಿಸಿ. ಜ್ಯೇಷ್ಠಮಧುವನ್ನು ಬಹಳ ದಿನ ತಿಂದರೆ ರಕ್ತದಲ್ಲಿ ಪೊಟ್ಯಾಶಿಯಂ ಇಳಿದು ಹೃದಯದ ಬಡಿತ ಏರುಪೇರಾಗಬಹುದು. ಖಾಲಿ ಹೊಟ್ಟೆಯಲ್ಲಿರಿ ಎಂದಾಗ ಕದ್ದು ಚಹಾ ಕುಡಿಸುವ ಅಜ್ಜಿಯರಿದ್ದಾರೆ. ಎಚ್ಚರವಿಲ್ಲದಾಗ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಮಗು ಹಸಿವಿನಿಂದ ಎಷ್ಟೇ ಅತ್ತರೂ ವೈದ್ಯರನ್ನು ಕೇಳದೆ ಒಂದು ಬಿಸ್ಕತ್ತನ್ನೂ ಕೊಡಬೇಡಿ. ಕೊಟ್ಟಿದ್ದರೆ ಒಳಗೆ ಕರೆದೊಯ್ಯುವ ಮೊದಲೇ ಹೇಳಿಬಿಡಿ, ಆಪರೇಷನ್ ಕೆಲವು ತಾಸು ಮುಂದಕ್ಕೆ ಹೋಗುತ್ತದೆ ಅಷ್ಟೇ.