ಅಲಾರಂ ಹೊಡೆದಾಗ ಓಡುವವರು

ಒಂದು ಜಂಬೋ ಸಿಲಿಂಡರಿನಲ್ಲಿ ಸುಮಾರು 7,000 ಲೀಟರ್ ಆಕ್ಸಿಜನ್ ಇರುತ್ತದೆ. ನಿಮಿಷಕ್ಕೆ 2 ಲೀಟರ್ ಸಾಕಾಗುವ ರೋಗಿಗೆ ಅದು ಎರಡು ದಿನ ದಾಟಿಯೂ ಬರುತ್ತದೆ. ನಿಮಿಷಕ್ಕೆ 60 ಲೀಟರ್ ಎಳೆಯುವ ಹೈ ಫ್ಲೋ ಯಂತ್ರಕ್ಕೆ ಜೋಡಿಸಿದರೆ ಎರಡು ಗಂಟೆಯೊಳಗೆ ಖಾಲಿ. ಈ ಲೆಕ್ಕ ಡಾಕ್ಟರಿಗೆ ಗೊತ್ತು, ನನಗೆ ಗೊತ್ತು. ನಡುರಾತ್ರಿ ಸ್ಪ್ಯಾನರ್ ಹಿಡಿದು ಸಿಲಿಂಡರ್ ಬದಲಿಸುವ ಹೊರಗುತ್ತಿಗೆ ಹುಡುಗನಿಗೆ ಮಾತ್ರ ಯಾರೂ ಹೇಳಿಕೊಟ್ಟಿರುವುದಿಲ್ಲ.

ನಾನು ಬಯೋಮೆಡಿಕಲ್ ಎಂಜಿನಿಯರ್. ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳ ಯಂತ್ರಗಳನ್ನು ನೋಡಿಕೊಳ್ಳುವುದು ಕೆಲಸ. ವಾರ್ಡಿಗಿಂತ ಹೆಚ್ಚು ಹೊತ್ತು ಇರುವುದು ಹಿತ್ತಲಲ್ಲಿ, ಜನರೇಟರ್ ಶೆಡ್ಡು ಮತ್ತು ಆಕ್ಸಿಜನ್ ಘಟಕದ ನಡುವೆ. ಅಲ್ಲಿ ಕಂಡುಕೊಂಡದ್ದು ಇಷ್ಟು: ಆಸ್ಪತ್ರೆಯಲ್ಲಿ ಏನಾದರೂ ಕೆಡುವ ಮೊದಲೇ ಯಾರೋ ಒಬ್ಬರಿಗೆ ಅದರ ಸುಳಿವು ಸಿಕ್ಕಿರುತ್ತದೆ. ಹೆಚ್ಚಿನ ಸಲ ಅವರು ಅತಿ ಕಡಿಮೆ ಸಂಬಳದವರು. ಅವರನ್ನು ಯಾರೂ ಕೇಳಿರುವುದಿಲ್ಲ.

ಕೋವಿಡ್ ಕಾಲದಲ್ಲಿ ಪಿಎಂ ಕೇರ್ಸ್ ನಿಧಿಯಿಂದ ದೇಶದಲ್ಲಿ ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸುವ 1,200ಕ್ಕೂ ಹೆಚ್ಚು ಪಿಎಸ್‌ಎ ಘಟಕಗಳು ಮಂಜೂರಾದವು. ಗಾಳಿಯಲ್ಲಿ ಆಕ್ಸಿಜನ್ ಇರುವುದು ಶೇ 21. ಜಿಯೋಲೈಟ್ ಎಂಬ ಹರಳಿನ ಮೂಲಕ ಗಾಳಿಯನ್ನು ಒತ್ತಿ ಹಾಯಿಸಿದರೆ ಹರಳು ಸಾರಜನಕವನ್ನು ಹಿಡಿದುಕೊಳ್ಳುತ್ತದೆ, ಶೇ 93ರ ಆಸುಪಾಸಿನ ಆಕ್ಸಿಜನ್ ಆಚೆ ಬರುತ್ತದೆ. ಆದರೆ ಜಿಯೋಲೈಟಿಗೆ ತೇವ ಆಗದು. ಗಾಳಿಯಲ್ಲಿನ ನೀರನ್ನು ಆಗಾಗ ಹೊರಗೆ ಬಿಡುವ ಪುಟ್ಟ ವಾಲ್ವ್ ಕಟ್ಟಿಕೊಂಡರೆ ಸಾಕು, ಹರಳು ನಿಧಾನಕ್ಕೆ ಕೆಡುತ್ತದೆ. ಪರದೆಯ ಮೇಲಿನ ಅಂಕಿ ಇಳಿಯುವಷ್ಟರಲ್ಲಿ ಹಾನಿ ಆಗಿಹೋಗಿರುತ್ತದೆ. ಒಂದು ಆಸ್ಪತ್ರೆಯಲ್ಲಿ ಇದನ್ನು ಮೊದಲು ಹಿಡಿದವರು ರಾತ್ರಿ ಕಾವಲುಗಾರರು. "ಸಾರ್, ಅದು ಆಗಾಗ ಪುಸ್ ಅಂತಿತ್ತು, ಎರಡು ದಿನದಿಂದ ಅಂತಾ ಇಲ್ಲ" ಎಂದರು. ಅಷ್ಟು ಖಚಿತವಾದ ವರದಿ ನನಗೆ ಯಾವ ಸೆನ್ಸರಿನಿಂದಲೂ ಬಂದಿಲ್ಲ. ಆದರೆ ಅವರು ಅದನ್ನು ಹೇಳಿದ್ದು ನಾನು ಹೇಗೂ ಬಂದಿದ್ದೆನೆಂದು. ಬೇರೆ ಯಾರಿಗೆ ಹೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ.

ಹಾಗೆಂದು ತಂತ್ರಜ್ಞಾನ ಬೇಡ ಎನ್ನುವವನು ನಾನಲ್ಲ. ಲಸಿಕೆಯ ಫ್ರಿಜ್ 2ರಿಂದ 8 ಡಿಗ್ರಿಯೊಳಗೇ ಇರಬೇಕು. ಈಗ ಅದಕ್ಕೊಂದು ಸಿಮ್ ಇರುವ ಮಾಪಕ ಜೋಡಿಸಿರುತ್ತಾರೆ, ತಾಪ ತಪ್ಪಿದರೆ ಮೊಬೈಲಿಗೆ ಸಂದೇಶ ಬರುತ್ತದೆ. ಒಳ್ಳೆಯ ಏರ್ಪಾಡು. ಆದರೆ ವರ್ಗವಾಗಿ ಹೋದ ಫಾರ್ಮಸಿಸ್ಟರ ನಂಬರಿಗೇ ಸಂದೇಶ ಹೋಗುತ್ತಿದ್ದುದನ್ನೂ ನೋಡಿದ್ದೇನೆ. ಯಂತ್ರ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

2015ರಲ್ಲಿ ಕೇಂದ್ರ ಸರ್ಕಾರ ವೈದ್ಯಕೀಯ ಉಪಕರಣಗಳ ನಿರ್ವಹಣಾ ಕಾರ್ಯಕ್ರಮ ಶುರುಮಾಡಿತು. ಜಿಲ್ಲಾಸ್ಪತ್ರೆಯ ಯಂತ್ರಗಳು ಶೇ 95ರಷ್ಟು ಕಾಲ ಚಾಲೂ ಇರಬೇಕು, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶೇ 90, ಪ್ರಾಥಮಿಕ ಕೇಂದ್ರದಲ್ಲಿ ಶೇ 80 ಎಂಬುದು ಗುರಿ. ಇದರಲ್ಲೊಂದು ಸಣ್ಣ ಕಿಂಡಿ ಇದೆ. ಯಂತ್ರ ನಿಂತ ಹೊತ್ತಿನ ಲೆಕ್ಕ ಶುರುವಾಗುವುದು ದೂರು ದಾಖಲಾದ ಮೇಲೆ. ಸಕ್ಷನ್ ಯಂತ್ರ ಕೆಟ್ಟರೆ ಸಿಸ್ಟರ್ ಪಕ್ಕದ ವಾರ್ಡಿನದನ್ನು ತಂದು ಕೆಲಸ ಸಾಗಿಸುತ್ತಾರೆ, ಕೆಟ್ಟದ್ದು ಮೂಲೆ ಸೇರುತ್ತದೆ. ಕಾಗದದ ಮೇಲೆ ಅದು ಚಾಲೂ ಇರುವ ಯಂತ್ರವೇ! ದೂರು ಕೊಟ್ಟರೆ "ನೀವೇ ಕೆಡಿಸಿದ್ದಾ?" ಎಂಬ ಪ್ರಶ್ನೆ ಮೊದಲು ಬರುವ ಕಡೆ ಯಾರು ಫೋನ್ ಮಾಡುತ್ತಾರೆ?

ಬೆಂಕಿಯ ವಿಷಯದಲ್ಲಿ ಈ ಸಂಕೋಚದ ಬೆಲೆ ಬಹಳ ದುಬಾರಿ. 2021ರ ಜನವರಿಯಲ್ಲಿ ಮಹಾರಾಷ್ಟ್ರದ ಭಂಡಾರಾ ಜಿಲ್ಲಾಸ್ಪತ್ರೆ, 2024ರ ನವೆಂಬರಿನಲ್ಲಿ ಝಾನ್ಸಿಯ ವೈದ್ಯಕೀಯ ಕಾಲೇಜು. ಎರಡೂ ಕಡೆ ರಾತ್ರಿ ಹೊತ್ತು, ನವಜಾತ ಶಿಶುಗಳ ಘಟಕದಲ್ಲೇ ಬೆಂಕಿ. ಆಯಾ ರಾತ್ರಿಯೇ ಹತ್ತು ಹತ್ತು ಕೂಸುಗಳು ಹೋದವು. ಇಂಥ ಕೋಣೆಯಲ್ಲಿ ವಾರ್ಮರ್, ಎ.ಸಿ. ಹಗಲೂ ರಾತ್ರಿ ಓಡುತ್ತವೆ, ಹಾಸಿಗೆ ಬಟ್ಟೆ ಆಕ್ಸಿಜನ್ ಹೀರಿರುತ್ತದೆ, ಕಿಡಿಯೊಂದೇ ಬಾಕಿ. ಹೊಗೆ ಪತ್ತೆಹಚ್ಚುವ ಯಂತ್ರ ಕೂಗುತ್ತದೆ ಸರಿ. ಕೂಗಿದ ಮೇಲೆ ಆ ವಾರ್ಡಿನ ಆಕ್ಸಿಜನ್ ಮುಚ್ಚುವ ವಾಲ್ವ್ ಪೆಟ್ಟಿಗೆ ಯಾವ ಗೋಡೆಯಲ್ಲಿದೆ?

ಈ ಪ್ರಶ್ನೆಗೆ ಉತ್ತರ ಕೈಗೇ ಗೊತ್ತಿರುವಂತೆ ಮಾಡುವುದನ್ನು ನಾನು ತರಬೇತಿ ಎನ್ನುತ್ತೇನೆ. ಜಿಲ್ಲಾ ಕೇಂದ್ರದ ಸಭಾಂಗಣದಲ್ಲಿ ಸ್ಲೈಡ್ ತೋರಿಸಿ, ಊಟ ಹಾಕಿ, ಸಹಿ ಹಾಕಿಸಿಕೊಂಡು ಕಳಿಸುವುದರಲ್ಲಿ ನನಗೆ ನಂಬಿಕೆ ಹೋಗಿದೆ. ಅಲ್ಲಿಗೆ ಬರುವವರು ಹಗಲು ಪಾಳಿಯವರು, ಅದರಲ್ಲೂ ಮೇಲಿನವರು. ರಾತ್ರಿ ಪಾಳಿ ಬದಲಾಗುವಾಗ ಹದಿನೈದು ನಿಮಿಷ ನಿಂತು, ಸಿಸ್ಟರ್ ಕೈಯಿಂದಲೇ ವಾಲ್ವ್ ಮುಟ್ಟಿಸಬೇಕು. ಆಯಾ ಅಮ್ಮನ ಕೈಗೆ ಬೆಂಕಿ ಆರಿಸುವ ಸಿಲಿಂಡರ್ ಕೊಟ್ಟು ಪಿನ್ ಎಳೆಸಬೇಕು. ಮೊದಲ ಸಲ ಅವರು ನಗುತ್ತಾರೆ, ನಾಚುತ್ತಾರೆ. ಎರಡನೇ ಸಲ, "ಇದರ ಮುಂದೆ ಸ್ಟ್ರೆಚರ್ ನಿಲ್ಲಿಸ್ತಾರಲ್ಲ ಸಾರ್, ಆಗ ಹ್ಯಾಗೆ ತೆಗೆಯೋದು?" ಎಂದು ಕೇಳುತ್ತಾರೆ. ಆ ಪ್ರಶ್ನೆಗಾಗಿಯೇ ಇಷ್ಟೆಲ್ಲ.

ನಾವು ಕೆಲವೆಡೆ ಪ್ರತಿ ಯಂತ್ರಕ್ಕೂ ಕ್ಯೂಆರ್ ಚೀಟಿ ಅಂಟಿಸಿದ್ದೇವೆ. ಫೋನ್ ಹಿಡಿದು ಕನ್ನಡದಲ್ಲಿ ಮಾತಾಡಿ ದೂರು ಬಿಟ್ಟರಾಯಿತು, ಬರೆಯಬೇಕಿಲ್ಲ. ಜನ ಅದನ್ನು ಬಳಸತೊಡಗಿದ್ದು ಮಾತ್ರ, ರಿಪೇರಿಯಾದ ಸುದ್ದಿ ದೂರು ಕೊಟ್ಟವರ ಫೋನಿಗೇ ವಾಪಸ್ ಹೋಗುವಂತೆ ಮಾಡಿದ ಮೇಲೆ.

ಇನ್ನುಳಿದ ತೊಡಕು ಗುತ್ತಿಗೆಯದು. ಏಜೆನ್ಸಿ ಬದಲಾದಾಗ ಕಲಿತ ಹುಡುಗರೂ ಹೋಗುತ್ತಾರೆ, ಹೊಸಬರಿಗೆ ಮತ್ತೆ ಓಂಕಾರದಿಂದ. ತರಬೇತಾದವರನ್ನು ಹೊಸ ಏಜೆನ್ಸಿ ಉಳಿಸಿಕೊಳ್ಳಬೇಕು, ಆಕ್ಸಿಜನ್ ಘಟಕದ ಪಾಳಿಗೆ ಕಲಿಯದವರನ್ನು ಹಾಕಬಾರದು ಎಂಬ ಷರತ್ತನ್ನು ಟೆಂಡರಿನಲ್ಲೇ ಸೇರಿಸಿ ಎಂದು ಬರೆದುಕೊಟ್ಟಿದ್ದೇನೆ. ಇದರಿಂದ ದರ ಹೆಚ್ಚಾಗುತ್ತದೆ ಎಂದು ಲೆಕ್ಕಪತ್ರ ಶಾಖೆ ಕಡತವನ್ನು ಹಿಂದಕ್ಕೆ ಕಳಿಸಿದೆ. ಕೆಟ್ಟ ಜಿಯೋಲೈಟ್ ಬದಲಿಸಲು ಎಷ್ಟು ಖರ್ಚಾಗುತ್ತದೆಂಬ ಕೊಟೇಶನ್ ಲಗತ್ತಿಸಿ ನಾನೂ ಮತ್ತೆ ಕಳಿಸಿದ್ದೇನೆ.